ದಾರಿ ಬಿಡುವ ನೀರು

ಊಟದ ಮೇಜಿನ ಮೇಲೆ ಟೋಪಿ, ಈಜುಬಟ್ಟೆ, ಬಿಸಿಲಿಗೆ ಹಚ್ಚುವ ಮುಲಾಮು, ವಾಂತಿಯ ಔಷಧಿ, ಸೊಳ್ಳೆಗೆ ಹಚ್ಚುವ ಎಣ್ಣೆ ಎಲ್ಲ ರಾಶಿ ಬಿದ್ದಿದ್ದವು. ಬೆಳಗಾದರೆ ರೈಲು. ಲಿಫ್ಟ್ ರಿಪೇರಿಯ ಕೆಲಸದಿಂದ ಆಗಷ್ಟೇ ಮನೆಗೆ ಬಂದ ಗಂಡ, ಕೈ ಕೂಡ ತೊಳೆಯದೆ ಕಡಲತೀರದ ಹೋಟೆಲಿಗೆ ಫೋನು ಹಚ್ಚಿ ನಿಂತಿದ್ದ.

"ಅಲ್ಲಾ ಸ್ವಾಮಿ, ಬಾಗಿಲಿಗೆ ಮೇಲ್ಗಡೆ ಚಿಲಕ ಇದೆಯಾ ಅಂತ ಕೇಳ್ತಿದೀನಿ. ನಮ್ಮ ಎದೆಮಟ್ಟಕ್ಕಿದ್ರೆ ಸಾಕು... ಇಲ್ವಾ? ಹಂಗಾದ್ರೆ ಹಿಂದ್ಗಡೆ ರೂಮು ಕೊಡಿ. ಸಮುದ್ರ ಕಾಣದೇ ಇರೋದು."

ಆ ಕಡೆಯವನು ಏನು ಹೇಳಿದನೋ, ಫೋನು ಇಟ್ಟ ಗಂಡನ ಮುಖ ಸಪ್ಪಗಾಗಿತ್ತು. "ನಗ್ತಾನೆ ಕಣೇ. ಎಲ್ಲರೂ ಸಮುದ್ರ ಕಾಣಲಿ ಅಂತ ಜಗಳ ಆಡ್ತಾರೆ, ನೀವೊಬ್ರೇ ಸಾರ್ ಬೇಡ ಅನ್ನೋರು ಅಂದ. ಹಿಂದಿನ ರೂಮೆಲ್ಲ ತುಂಬಿದಾವಂತೆ."

ಬಾಗಿಲು ತೆರೆದರೆ ಮರಳು, ನಾಲ್ಕು ಹೆಜ್ಜೆಗೆ ತೆಂಗಿನ ಸಾಲು, ಅದರಾಚೆ ನೀರು. ಆ ಚಿತ್ರ ನೋಡಿಯೇ ಇಬ್ಬರೂ ಆ ಕೋಣೆಯನ್ನು ಆರಿಸಿದ್ದರು. ಈಗ ಹೆಂಡತಿ ಅದೇ ಚಿತ್ರದಲ್ಲಿ ಬಾಗಿಲಿಂದ ನೀರಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದಳು.

ಕಾರಣ ಬುಗುರಿ. ಒಂದೆಡೆ ನಿಲ್ಲದ ಮಗನಿಗೆ ಮನೆಯವರಿಟ್ಟ ಹೆಸರು ಅದು. ಇನ್ನೂ ನಾಲ್ಕು ತುಂಬದ ಅವನಿಗೆ ನೀರೆಂದರೆ ಪ್ರಾಣಭಯವಿತ್ತು. ತಲೆಗೆ ನೀರು ಹಾಕುವುದೆಂದರೆ ಬೀದಿಗೆಲ್ಲ ಕೇಳುವ ಯುದ್ಧ. ಇಂಥವನನ್ನು ಕಡಲಿಗೆ ಒಯ್ಯುವುದು ಹೇಗೆ? ತಾಯಿಗೆ ತಿಳಿದಿದ್ದ ಔಷಧಿ ಒಂದೇ. ಅವಳು ಬೆಳೆದದ್ದು ಪದ್ಯ ಓದುವವರ ಮಡಿಲಲ್ಲಿ. ಕಣ್ಣು ಬಿಡುವ ಮೊದಲೇ ಕಿವಿಗೆ ಪದ್ಯ ಬೀಳುತ್ತಿದ್ದ ಮನೆ. ಹೆದರಿದಾಗ ಹೇಳಿಕೊಳ್ಳಲು ಅವಳಿಗೆ ಯಾವತ್ತೂ ಒಂದು ಸಾಲು ಇದ್ದೇ ಇರುತ್ತಿತ್ತು. ಮಗನಿಗೂ ಒಂದಿರಲಿ ಎಂದು ತಾನೇ ಕಟ್ಟಿದಳು:

ಸರಿದು ನಿಲ್ಲು ಕಡಲ ದೊರೆಯೆ, ಪುಟ್ಟ ಪಾದ ಬರುತಿದೆ;
ಕರೆದರೆ ಬರುವ ದೇವರ ಕರವು ಬೆನ್ನ ಮೇಲೆ ಇರುತಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಚ್ಚಲಲ್ಲಿ ಅವನು ಕಣ್ಣು ಮುಚ್ಚಿ ಪದ್ಯ ಹೇಳಿದಾಗಲೆಲ್ಲ ಅವಳು ಚೊಂಬನ್ನು ಒಂಚೂರು ವಾರೆ ಮಾಡಿ ಸುರಿಯುತ್ತಿದ್ದಳು. ನೀರು ಮುಖಕ್ಕೆ ಬೀಳದೆ ಕಿವಿಯ ಪಕ್ಕದಿಂದ ಹರಿದುಹೋಗುತ್ತಿತ್ತು. "ಅಮ್ಮಾ, ದಾರಿ ಬಿಡ್ತು!" ಎಂದು ಅವನು ಕುಣಿದಾಗ ಅವಳ ಮನಸ್ಸೂ ತುಂಬಿ ಬಂದಿತ್ತು. ದೇವರ ಹೆಸರಲ್ಲಿ ಮಗು ನಗುತ್ತಿದೆ, ಇನ್ನೇನು ಬೇಕು?

ನಿನ್ನೆ ಸಂಜೆ ಅಭ್ಯಾಸವಾಗಲೆಂದು ಈಜುಕೊಳಕ್ಕೆ ಕರೆದೊಯ್ದರು. ಇವಳು ಟವೆಲ್ ಹಾಸುವಷ್ಟರಲ್ಲಿ ಬುಗುರಿ ಆಳದ ಕಡೆಯ ಅಂಚಿಗೆ ಹೋಗಿ ನಿಂತು, ಎರಡು ಸಾಲನ್ನೂ ಗಟ್ಟಿಯಾಗಿ ಹೇಳಿ, ಮೆಟ್ಟಿಲು ಇಳಿಯುವವನಂತೆ ನೀರಿನ ಮೇಲೆ ಕಾಲಿಟ್ಟ. ಈಜು ಕಲಿಸುವವರು ಹಾರಿ ಎತ್ತಿಕೊಂಡರು. ಕೆಮ್ಮಿ, ಮೂಗಿನಿಂದೆಲ್ಲ ನೀರು ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ಎರಡ್ನೇ ಸಾಲು ಬೇಗ ಹೇಳ್ಬಿಟ್ಟೆ."

ಇವತ್ತು ಸಂಜೆ ಅವನ ಸ್ನಾನಕ್ಕೆ ಗಂಡನೂ ಬಚ್ಚಲ ಬಾಗಿಲಲ್ಲಿ ಬಂದು ನಿಂತ. "ನೆಟ್ಟಗೆ ತಲೆ ಮೇಲೆ ಸುರಿ. ಪದ್ಯಕ್ಕೆ ನೀರು ನಿಲ್ಲಲ್ಲ ಅಂತ ಗೊತ್ತಾಗ್ಲಿ."

ಅವಳು ಚೊಂಬು ಎತ್ತಿದಳು. ಮಗು ಕಣ್ಣು ಮುಚ್ಚಿ ಶುರುಮಾಡಿತು. 'ದೇವರ ಕರವು' ಎಂಬಲ್ಲಿಗೆ ಬರುವಾಗ ಅವಳ ಕೈ ತಾನಾಗಿ ವಾರೆಯಾಯಿತು. ಇನ್ನೊಮ್ಮೆ ತುಂಬಿಸಿದಳು. ಮತ್ತೆ ಹಾಗೆಯೇ. ಆ ಹೆಸರನ್ನು ಸುಳ್ಳು ಮಾಡಲು ಕೈ ಒಪ್ಪಲಿಲ್ಲ.

"ಕೊಡು ಇಲ್ಲಿ," ಎಂದು ಗಂಡ ಚೊಂಬು ಕಿತ್ತುಕೊಂಡು ದಬದಬನೆ ಸುರಿದ. ಬುಗುರಿ ಮುಖ ಒರೆಸಿಕೊಂಡು ಅಪ್ಪನನ್ನು ಕನಿಕರದಿಂದ ನೋಡಿದ.

"ಅಪ್ಪ ಸುರಿಯೋ ನೀರಿಗೆ ಪದ್ಯ ಬರಲ್ಲ. ಸಮುದ್ರಕ್ಕೆ ಬರತ್ತೆ."

"ತಗೋ, ಆಯ್ತಲ್ಲ!" ಅಪ್ಪ ಚೊಂಬು ಕುಕ್ಕಿದ. "ದೇವರಿಗೇ ವಕೀಲ ಇವನು."

ಆಮೇಲೆ ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟಕ್ಕೆ ಬಿಗಿಯುವ ತನ್ನ ಬೆಲ್ಟು ತಂದು ಮಗನಿಗೆ ಹಾಕಿ ನೋಡಿದ. ಎಷ್ಟು ಬಿಗಿದರೂ ಅದು ಸೊಂಟದಿಂದ ಜಾರಿ ಪಾದಕ್ಕೆ ಬಿತ್ತು. ಒಂದನೇ ಕ್ಲಾಸಿನ ಅಕ್ಕ ಬಿದ್ದುಬಿದ್ದು ನಕ್ಕಳು. "ಅಪ್ಪಾ, ಅವನೇನು ಲಿಫ್ಟಾ?" ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ನಾವು ಹೋಗ್ತೀವಿ ತಾನೇ? ನಾನು ಮಿಸ್‌ಗೂ ಹೇಳಿದೀನಿ."

ಹೋಗದಿದ್ದರೆ ಮಗಳ ಕಣ್ಣೀರು. ಹೋದರೆ ಮಗನ ಜೀವ. ಗಂಡನಿಗೆ ರಜೆ ಸಿಕ್ಕಿದ್ದೇ ಪುಣ್ಯ, ಮತ್ತೆ ಕೇಳುವ ಹಾಗಿಲ್ಲ.

"ಹೋಗ್ತೀವಿ," ಅಂದ ಅವನು ಕೊನೆಗೆ, ಹೆಂಡತಿಯ ಮುಖ ನೋಡದೆ. "ಇಬ್ರಲ್ಲಿ ಒಬ್ರು ಎಚ್ಚರ ಇದ್ರಾಯ್ತು. ನೀನೇ ಅವನಿಗೆ ಬಿಡಿಸಿ ಹೇಳು. ಕಟ್ಟಿದೋಳು ನೀನು."

ಅವಳು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಕಂದಾ, ಆ ಪದ್ಯ ಅಮ್ಮ ಮಾಡಿದ್ದು. ಸುಮ್ನೆ ಆಟಕ್ಕೆ."

"ದೇವರೂ ಆಟಕ್ಕಾ?"

"ಅಲ್ಲಪ್ಪಾ. ದೇವರು ನಿಜ."

"ಬೆನ್ನ ಮೇಲೆ ಕೈ?"

"ಅದೂ... ನಿಜ. ಆದ್ರೆ ನೀರು..." ಯಾವ ಎಳೆ ಎಳೆದರೆ ಯಾವುದು ಬಿಚ್ಚಿಹೋಗುತ್ತದೋ! ಅವನ ಮೋರೆಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ತಾನು ಒಂದು ಜನ್ಮವೆಲ್ಲ ಬೇಡಿಕೊಂಡರೂ ಬರದಂಥ ನಂಬಿಕೆ ಅದು.

"ಒಂದು ಮಾತು ಕೊಡ್ತೀಯಾ?" ಅಂದಳು. "ಅಲ್ಲಿ ನನ್ನ ಕೈ ಬಿಡಬಾರದು. ಏನೇ ಆದ್ರೂ."

"ಬಿಡಲ್ಲ," ಎಂದು ಬುಗುರಿ ತಕ್ಷಣ ಅವಳ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದ. ಗಟ್ಟಿ ಹಿಡಿತ. "ಹೆದರ್ಬೇಡ ಅಮ್ಮಾ. ನಿನ್ನನ್ನೂ ಒಳಗೆ ಕರ್ಕೊಂಡು ಹೋಗ್ತೀನಿ."