ಬುಕ್ಕಾಗಿದ್ದ ಮೈಕ್ ಸೆಟ್ಟು

ಬಾಣಾವರದಲ್ಲಿ ಬಾಡಿಗೆಗೆ ಸಿಗುತ್ತಿದ್ದುದು ಚನ್ನಪ್ಪನ ಮೈಕ್ ಸೆಟ್ಟು ಒಂದೇ. ಮದುವೆಗೆ, ನಾಮಕರಣಕ್ಕೆ, ಚುನಾವಣೆಗೆ ಯಾರು ಕೇಳಿದರೂ ಕೊಡುತ್ತಿದ್ದ. ನಮ್ಮ ಕೇರಿಯವರು ಅಂಬೇಡ್ಕರ್ ಜಯಂತಿಗೆ ಕೇಳಿದರೆ ಮಾತ್ರ ಅದು ಬುಕ್ಕಾಗಿರುತ್ತಿತ್ತು. ಯಾರಿಗೆ ಅಂತ ಅವನೂ ಹೇಳುತ್ತಿರಲಿಲ್ಲ, ನಮ್ಮವರೂ ಕೇಳುತ್ತಿರಲಿಲ್ಲ. ಜಯಂತಿಯ ದಿನವೇ ಅವನ ಅಂಗಡಿ ಮುಂದೆ ಹಾದುಹೋದರೆ ಹಾರ್ನುಗಳೆಲ್ಲ ಅಟ್ಟದ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ತೊಂಬತ್ತೊಂಬತ್ತರ ಜಯಂತಿಗೆ ನಮ್ಮವ್ವ ಮುನಿಯಮ್ಮನೇ ಮಾತಾಡಬೇಕು ಅಂತ ಕೇರಿಯ ಹೆಂಗಸರು ತೀರ್ಮಾನಿಸಿದ್ದರು. ಇಡೀ ಕೇರಿಗೆ ಇದ್ದದ್ದು ಒಂದೇ ನಲ್ಲಿ, ಅದರಲ್ಲೂ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಮಾತು ಪಂಚಾಯ್ತಿ ಕಟ್ಟೆಯವರೆಗೆ ಕೇಳಿಸಬೇಕಿತ್ತು. ಅಪ್ಪ ಗಿಡ್ಡಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಸೆಟ್ಟು ಕೇಳಲು ಹೋದ ಅವನಿಗೆ ಚನ್ನಪ್ಪ ಹೇಳಿದ್ದು ಇಷ್ಟು: “ಬುಕ್ಕಾಗೈತೆ ಕಣ್ಲಾ ಗಿಡ್ಡ. ಬಾಯಲ್ಲೇ ಕೂಗ್ಸು, ನಿನ್ ಹೆಂಡ್ತಿ ಗಂಟ್ಲು ಚೆನ್ನಾಗೇ ಐತಲ್ಲ.”

“ನಾವೇ ಒಂದು ಸೆಟ್ಟು ಮಾಡಾಣ ಬಿಡಪ್ಪ,” ಅಂದೆ. ಪಿಯುಸಿ ಸೈನ್ಸ್ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ತಲೆಯಲ್ಲಿ ಸೂತ್ರಗಳಿದ್ದವು, ಹೊಟ್ಟೆಯಲ್ಲಿ ಸಿಟ್ಟಿತ್ತು.

ಬೇಲೂರಿನ ನೆಂಟರಿಂದ ಒಂದು ಹಳೇ ಹಾರ್ನು, ಮೈಕು ತಂದೆವು. ಆಂಪ್ಲಿಫೈಯರ್ ಸಾಮಾನೆಲ್ಲ ಅರಸೀಕೆರೆಯ ರೇಡಿಯೋ ಅಂಗಡಿಯಲ್ಲಿ ಸಿಕ್ಕಿತು, ಒಂದು ಬಿಟ್ಟು. ಏರಿಳಿಯುವ ಕರೆಂಟನ್ನು ತುಂಬಿಟ್ಟುಕೊಂಡು ಸಮನಾಗಿ ಬಿಡುವ ದೊಡ್ಡ ಕಂಡೆನ್ಸರ್ ಇರಲಿಲ್ಲ. “ಅರ್ಧ ಅಳತೆದು ಎರಡು ಐತೆ, ಸೇರಿಸ್ಕೊಳಿ,” ಅಂತ ಅಂಗಡಿಯವನು ಪೊಟ್ಟಣ ಕಟ್ಟಿ ಕೊಟ್ಟ.

ಬೆಸುಗೆ ಹಾಕುವುದು ಅಪ್ಪನ ಕೆಲಸ. ಕಾದ ಕಬ್ಬಿಣವನ್ನು ಹೆಣ್ಣುಮಗಳ ಕೈಗೆ ಕೊಡುವವನಲ್ಲ ಅವನು. ಕಂಡೆನ್ಸರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಉರುಟಾಗಿ ಟಾರ್ಚಿನ ಶೆಲ್ಲಿನ ಹಾಗೇ ಇದ್ದವು, ಮೈಮೇಲೆ ಪ್ಲಸ್ಸು ಮೈನಸ್ಸಿನ ಗುರುತೂ ಇತ್ತು. ಶೆಲ್ ಹಾಕಿದ ಹಾಗೆಯೇ ಒಂದರ ಹಿಂದೆ ಒಂದು ಸೇರಿಸಿಬಿಟ್ಟ. ನಾನು ಹಾರ್ನು ಕಟ್ಟಿಸಲು ಹೋಗಿದ್ದೆ, ಬಂದಾಗ ಆಂಪ್ಲಿಫೈಯರ್ ಡಬ್ಬಿಗೆ ಮುಚ್ಚಳ ಹಾಕಿ ಆಗಿತ್ತು.

ಜಯಂತಿಯ ಸಾಯಂಕಾಲ ಸ್ವಿಚ್ ಹಾಕಿದೆವು. ಹಾರ್ನಿನಿಂದ ಗುಂಯ್ ಅಂತ ಎದ್ದ ಸದ್ದು ಇಳಿಯಲೇ ಇಲ್ಲ. ಅವ್ವ ಮೈಕಿನ ಮುಂದೆ ಬಾಯಿ ತೆರೆದರೆ ಅವಳ ಮಾತನ್ನು ಅದೇ ನುಂಗಿತು. ರಸ್ತೆಯಲ್ಲಿ ಜನ ನಿಂತರು. ಅವರ ನಡುವೆ ಚನ್ನಪ್ಪನೂ ಇದ್ದ. “ಹೆಜ್ಜೇನು ಸಾಕವ್ರೆ ಕಣ್ರಲಾ,” ಅಂದ. ಎಲ್ಲರೂ ನಕ್ಕರು.

ಅಪ್ಪ ವೈರು ಕೀಳಲು ಹೋದ. “ಸಾಕು ಮಗಾ, ಮಾನ ಹೋಯ್ತದೆ.”

“ಮುಚ್ಚಳ ತೆಗಿ,” ಅಂದೆ. ಒಳಗೆ ನೋಡಿದ ಕೂಡಲೇ ಗೊತ್ತಾಯಿತು. “ಇವು ಶೆಲ್ಲಲ್ಲ ಕಣಪ್ಪ. ಕಬ್ಬಿಣ ಇಲ್ಲಿ ಕೊಡು.”

“ಹುಟ್ಟಿದಾಗಿಂದ ಟಾರ್ಚ್ ಹಿಡ್ದೋನಿಗೆ ನೀನು ಹೇಳ್ಕೊಡ್ತೀಯಾ?”

“ಹೂಂ, ಹೇಳ್ಕೊಡ್ತೀನಿ. ನಲ್ಲೀಲಿ ನೀರು ಬಿಟ್ಟೂ ಬಿಟ್ಟೂ ಬತ್ತದೆ, ಅವ್ವ ಏನ್ ಮಾಡ್ತಾಳೆ? ಎರಡು ಹಂಡೆ ಪಕ್ಕಪಕ್ಕ ಇಟ್ಟು ತುಂಬ್ಕೋತಾಳೆ. ಇವೂ ಹಂಡೆನೇ. ಪಕ್ಕಪಕ್ಕ ಕಟ್ಟಿದ್ರೆ ಎರಡರಷ್ಟು ಹಿಡಿತವೆ. ನೀನು ಸಾಲಾಗಿ ಕಟ್ಟಿದೀಯ. ಹಂಗೆ ಕಟ್ಟಿದ್ರೆ ಹೆಚ್ಚು ವೋಲ್ಟು ತಡಿತವೆ, ಆದ್ರೆ ಎರಡೂ ಸೇರಿ ಒಂದು ಹಿಡಿಯೋದ್ರಲ್ಲಿ ಅರ್ಧ ಮಾತ್ರ ಹಿಡಿತವೆ. ನಮಗೆ ತಡಿಯೋದು ಬೇಡ, ತುಂಬೋದು ಬೇಕು.”

ಅಪ್ಪನ ಮುಖ ಕೆಂಪಾಯಿತು. ಇಡೀ ಕೇರಿಯ ಎದುರಿಗೆ ಮಗಳು ಎದುರು ಮಾತಾಡಿದ್ದು ಅವನಿಗೆ ಇಷ್ಟವಾಗಲಿಲ್ಲ. ರಸ್ತೆಯ ಕಡೆ ಒಮ್ಮೆ ನೋಡಿದ. ನಗು ಇನ್ನೂ ನಿಂತಿರಲಿಲ್ಲ. ಕಬ್ಬಿಣವನ್ನು ನನ್ನ ಕೈಗೆ ಕೊಟ್ಟು ತಾನು ಡಬ್ಬಿ ಅಲುಗದಂತೆ ಹಿಡಿದುಕೊಂಡ.

ಪ್ಲಗ್ಗು ಕಿತ್ತು ಬೆಸುಗೆ ಬಿಡಿಸಿದೆ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿದೆ. ಬೆರಳು ಸುಟ್ಟಿತು, ಸುಡಲಿ ಅಂದುಕೊಂಡೆ. ಮತ್ತೆ ಸ್ವಿಚ್ ಹಾಕಿದಾಗ ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಮಾತಿನ ಕೆಳಗೆ ಅಡಗಿ ಕೂತಿತು.

ಅವ್ವ ನಲ್ಲಿಯಿಂದಲೇ ಶುರು ಮಾಡಿದಳು. ಪಂಚಾಯ್ತಿ ಮೆಂಬರುಗಳ ಹೆಸರು ಹಿಡಿದು, ಅವರವರ ಮನೆ ಮುಂದೆ ಇರುವ ನಲ್ಲಿಗಳನ್ನು ಒಂದೊಂದಾಗಿ ಹೇಳಿದಳು. ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು. ರಸ್ತೆಯಲ್ಲಿ ನಗು ನಿಂತಿತು. ನನಗೆ ಅಳು ಬಂತು, ಆದರೆ ಆ ಜನರ ಎದುರಿಗೆ ಅಳಬಾರದು ಅಂತ ತುಟಿ ಕಚ್ಚಿಕೊಂಡೆ.

ಮಾತು ಮುಗಿಯುವ ಹೊತ್ತಿಗೆ ಚನ್ನಪ್ಪ ವೇದಿಕೆಯ ಹತ್ತಿರವೇ ಬಂದ. ಊರಲ್ಲಿ ಇನ್ನೊಂದು ಸೆಟ್ಟು ಹುಟ್ಟಿದ್ದು ಅವನಿಗೆ ಅರ್ಥವಾಗಿತ್ತು. ತಗ್ಗಿದ ದನಿಯಲ್ಲಿ, “ಮುನಿಯಮ್ಮ, ಇದೆಲ್ಲ ಯಾಕೆ ಒದ್ದಾಟ. ಮುಂದಿನ ವರ್ಷ ನನ್ ಸೆಟ್ಟೇ ಕಳಿಸ್ತೀನಿ,” ಅಂದ.

ಆಫ್ ಮಾಡಲು ಅಪ್ಪನ ಕೈ ಸ್ವಿಚ್ಚಿನ ಕಡೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಅವನೂ ಬಿಡಿಸಿಕೊಳ್ಳಲಿಲ್ಲ.

ಅವ್ವ ಮೈಕನ್ನು ಚನ್ನಪ್ಪನ ಬಾಯಿಯ ಹತ್ತಿರಕ್ಕೆ ಬಗ್ಗಿಸಿದಳು.

“ಮುಂದಿನ ವರ್ಷದ್ದು ಆಮೇಲೆ ನೋಡಾಣ ಚನ್ನಪ್ನೋರೆ. ಇವತ್ತು ನಿಮ್ ಸೆಟ್ಟು ಯಾರಿಗೆ ಬುಕ್ಕಾಗಿತ್ತು, ಅದನ್ನ ಇದ್ರಲ್ಲಿ ಹೇಳಿ. ಊರೆಲ್ಲ ಕೇಳ್ಲಿ.”

ಚನ್ನಪ್ಪ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಹಾರ್ನಿನಲ್ಲಿ ಉಳಿದಿದ್ದ ಸಣ್ಣ ಗುಂಯ್ ಒಂದೇ ಕೇಳಿಸುತ್ತಿತ್ತು. ಅವ್ವ ಮೈಕು ಹಿಡಿದುಕೊಂಡು ಕಾಯುತ್ತಲೇ ನಿಂತಿದ್ದಳು.