ಬೆಳ್ಳಗಾದ ಕೋಶಗಳು

ಲ್ಯಾಬಿನಲ್ಲಿ ಎಲ್ಲರೂ ಆಕೆಯನ್ನು ಕಪ್ಪೆಯಮ್ಮ ಎಂದೇ ಕರೆಯುತ್ತಿದ್ದರು. ಕಪ್ಪೆಯ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಹದಿನಾರು ವರ್ಷದಿಂದ ಸೀಸೆಗಳಲ್ಲಿ ಸಾಕಿದವಳು. ಮೂಲ ಕಪ್ಪೆ ಸತ್ತು ಯಾವ ಕಾಲವಾಯಿತೋ. ಕೋಶಗಳು ಮಾತ್ರ ವಾರಕ್ಕೆರಡು ಸಲ ಪೋಷಕ ದ್ರಾವಣ ಉಂಡು ಹಾಯಾಗಿ ಬೆಳೆಯುತ್ತಿದ್ದವು. ಆ ದ್ರಾವಣಕ್ಕೆ ಎಷ್ಟು ನೀರು ಬೆರೆಸಬೇಕೆಂಬ ಹದ ಅವಳ ಕೈಗೇ ಗೊತ್ತು. ಮನೆಯ ಅಡುಗೆಯಲ್ಲಿ ಈ ಹದ ಯಾಕಿಲ್ಲ ಎಂದು ಗಂಡ ಛೇಡಿಸುತ್ತಿದ್ದ.

ಸೋಮವಾರ ಬಂದು ನೋಡಿದರೆ ಯಾವಾಗಲೂ ಕಪ್ಪಗಿರುತ್ತಿದ್ದ ಹನ್ನೆರಡೂ ಸೀಸೆಗಳು ಬಿಳಿಚಿಕೊಂಡಿದ್ದವು. ಮನುಷ್ಯರ ಕೋಶಗಳಲ್ಲಿ ಪಳಗಿ ಬಂದಿದ್ದ ಹೊಸ ಮುಖ್ಯಸ್ಥ ಆಗಲೇ ತೀರ್ಪು ಕೊಟ್ಟಾಗಿತ್ತು: ಈ ಕೋಶಗಳ ವಂಶ ಮುದಿಯಾಗಿದೆ, ಬಣ್ಣ ಹೋಗಿದೆ, ಹಬೆಯಲ್ಲಿ ಬೇಯಿಸಿ ಎಸೆಯಿರಿ.

ಕಪ್ಪೆಯಮ್ಮ ಒಂದು ಸೀಸೆ ಎತ್ತಿಕೊಂಡಳು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ಕಂದು ಕಣಗಳು ಎಲ್ಲಿಗೂ ಹೋಗಿರಲಿಲ್ಲ. ಪ್ರತಿ ಕೋಶದ ನಡುವೆ ಒತ್ತಾಗಿ ಮುದುಡಿ ಕೂತಿದ್ದವು.

ಇವಕ್ಕೆ ಏನು ಹಾಕಿದಿರಿ ಎಂದು ಮುಖ್ಯಸ್ಥನನ್ನು ಕೇಳಿದಳು. ಬೆಳವಣಿಗೆ ನಿಧಾನವಾಗುತ್ತದೆಯೇ ಎಂದು ನೋಡಲು ಬೆಳಿಗ್ಗೆ ಎಲ್ಲಕ್ಕೂ ನಿದ್ದೆಯ ಹಾರ್ಮೋನು ಹಾಕಿದ್ದಾಗಿ, ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲವೆಂದು ಆತ ಹೇಳಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮನುಷ್ಯರ ಕೋಶಕ್ಕೆ ಇರ್ಲಿಕ್ಕಿಲ್ಲ ಸಾರ್. ಕಪ್ಪೆ ಕೋಶಕ್ಕೆ ಆ ಹಾರ್ಮೋನು ಬಿದ್ರೆ ಬಣ್ಣಾನ ನಡುವಿಗೆ ಎಳ್ಕೊಳ್ಳತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ."

ಪಾಠ ಬೇಡ, ಹಬೆಪಾತ್ರೆಯ ಕೀಲಿ ಕೊಡಿ ಎಂದ. ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಲಸ ಹೋಗುತ್ತದೆ ಎಂದ. ಹೋದರೆ ಹೋಗಲಿ, ಅರ್ಧ ಗಂಟೆ ಕಾಯಿರಿ ಎಂದಳು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಹಳೆಯ ದ್ರಾವಣ ಚೆಲ್ಲಿ, ಎರಡು ಸಲ ತೊಳೆದು, ಹೊಸದು ತುಂಬಿ, ಸೀಸೆಗಳನ್ನು ದೀಪದ ಕೆಳಗೆ ಸಾಲಾಗಿಟ್ಟಳು. ಕುರ್ಚಿ ಎಳೆದು ಅವಕ್ಕೆ ಅಡ್ಡ ಕೂತಳು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ತಾನೇ ತಪ್ಪಿದ್ದರೆ ಎಂದು ಹೆದರಿದಳು, ಆದರೆ ಕುರ್ಚಿ ಬಿಟ್ಟೇಳಲಿಲ್ಲ. ಆಮೇಲೆ ಮೊದಲ ಸೀಸೆಯ ತಳ ಕೊಂಚ ಕಪ್ಪೇರಿತು, ಮೂರನೆಯದು ಕಂದಾಯಿತು. ಅರ್ಧ ಗಂಟೆ ತುಂಬುವಷ್ಟರಲ್ಲಿ ಹನ್ನೆರಡೂ ಕಪ್ಪಗಾಗಿದ್ದವು.

ಮುಖ್ಯಸ್ಥ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, ಬೇಯಿಸೋದು ಬೇಡ, ಕೀಲಿ ಕೊಡಿ, ಅದರ ಜಾಗದಲ್ಲಿಡ್ತೀನಿ ಎಂದು ಕೈ ಚಾಚಿದ.

ಅವಳು ಆ ಕೈಗೆ ದ್ರಾವಣದ ಬಾಟಲಿ ಇಟ್ಟಳು.

"ಕೀಲಿ ನನ್ನ ಹತ್ರಾನೇ ಇರ್ಲಿ. ಗುರುವಾರ ಇವಕ್ಕೆ ಊಟ ಹಾಕೋ ಸರದಿ ನಿಮ್ಮದು. ನೀರೆಷ್ಟು ಅಂತ ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ."