ಅಧ್ಯಕ್ಷರು ಸೋಲಬಾರದು

ನನ್ನನ್ನು ಸಂಸ್ಕೃತಿ ಇಲಾಖೆಯ ಧನಸಹಾಯ ಸಮಿತಿಗೆ ಯಾಕೆ ಹಾಕಿದರು ಅಂತ ನನಗೆ ಚೆನ್ನಾಗಿ ಗೊತ್ತು. ಅವರಿಗೆ ಒಬ್ಬ ಹೆಂಗಸು ಬೇಕಿತ್ತು, ಒಬ್ಬ ಚಿತ್ರಕಲಾವಿದರೂ ಬೇಕಿತ್ತು. ಬೇರೆ ಬೇರೆ ಕರೆದರೆ ಎರಡು ಶಾಲು, ಎರಡು ಹಾರ. ಈ ಜಯದೇವಿಯನ್ನು ಕರೆದರೆ ಒಂದರಲ್ಲೇ ಎರಡೂ ಆಯಿತು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವಳು, ಬಸವೇಶ್ವರನಗರದಲ್ಲೇ ಮನೆ, ಒಂದು ಫೋನ್ ಮಾಡಿದರೆ ಆಟೋ ಹಿಡಿದು ಬಂದುಬಿಡ್ತಾಳೆ. ನನಗೂ ಅದರಲ್ಲಿ ಬೇಜಾರಿಲ್ಲ. ಹೋಗಿ ಕೂರೋದು, ಕೊಟ್ಟ ಬಿಸ್ಕತ್ತು ತಿನ್ನೋದು, ಸರಿ ಅನಿಸಿದ್ದಕ್ಕೆ ಸರಿ ಅಂದು ಎದ್ದು ಬರೋದು. ಅಷ್ಟಕ್ಕೆ ತಲೆ ಯಾಕೆ ಕೆಡಿಸಿಕೊಳ್ಳಲಿ?

ಆದರೆ ಈ ಸಲದ ವಿಷಯ ಕೇಳಿ ನನಗೇ ನಗು ಬಂತು. ವಿಡಿಯೋ ಗೇಮುಗಳನ್ನು ಕಲೆ ಅಂತ ಒಪ್ಪಿಕೊಂಡು, ನಾಟಕಕ್ಕೆ, ಶಿಲ್ಪಕ್ಕೆ ಕೊಡೋ ಹಾಗೆ ಸರ್ಕಾರದಿಂದ ಧನಸಹಾಯ ಕೊಡೋದಂತೆ. ಮೊದಲನೇ ವರ್ಷ, ಒಂದೇ ಆಟಕ್ಕೆ. "ಮಕ್ಕಳು ಓದೋದು ಬಿಟ್ಟು ಕಣ್ಣು ಹಾಳು ಮಾಡ್ಕೊಳ್ಳೋದಕ್ಕೆ ಇನ್ನು ಬಹುಮಾನ ಬೇರೆ ಕೊಡಬೇಕಾ?" ಅಂತ ಮಗಳು ವಚನಾ ಹತ್ತಿರ ಮೂಗು ಮುರಿದೆ. ಅವಳು ನನ್ನ ಹಾಗೇ ಬಾಯಿ ಜೋರು. "ಆಡಿ ನೋಡಿ ಆಮೇಲೆ ಮಾತಾಡಮ್ಮ" ಅಂದು, ಇಲಾಖೆಯಿಂದ ಬಂದಿದ್ದ ಲಿಂಕ್ ಒತ್ತಿ, ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ನನ್ನ ಮುಂದೆ ಇಟ್ಟಳು.

ಆಟ ಏನಪ್ಪಾ ಅಂದರೆ, ಬ್ಯಾಡರಹಳ್ಳಿಯ ಒಬ್ಬ ಹೆಂಗಸು, ಅವಳ ಹಸು ಕೆಂಪಿ. ಸಂಜೆ ಹಸುವನ್ನು ಕೆರೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ಬರಬೇಕು, ಅಷ್ಟೇ. ಬಾಣದ ಗುರುತಿನ ಗುಂಡಿ ಒತ್ತಿದರೆ ಇಬ್ಬರೂ ನಡೀತಾರೆ. ಮೊದಲ ದಿನ ರಾಗಿ ಹೊಲದ ಬದುವಿನ ಮೇಲೆ ನಡೆದರೆ ಸಲೀಸಾಗಿ ಕೆರೆ ಸಿಗುತ್ತೆ. ಮಾರನೇ ದಿನ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟಿರುತ್ತಾರೆ, ಸುತ್ತಿಕೊಂಡು ಹೋಗಬೇಕು. ಆಮೇಲೆ ಬೇಲಿ. ಆಮೇಲೆ ಗೇಟು, ಗೇಟಿನಲ್ಲಿ ವಾಚ್‌ಮನ್. ಕೊನೆಗೆ ಉದ್ದಕ್ಕೂ ಕಾಂಪೌಂಡು. ಗೋಡೆಯ ಆ ಕಡೆ ಕಪ್ಪೆ ಕೂಗೋದು ಕೇಳುತ್ತೆ, ಈ ಕಡೆ ಕೆಂಪಿ ನಿಂತಿರುತ್ತೆ. ವಾಚ್‌ಮನ್ನನ್ನು ಕೇಳಿದರೆ "ನಾಳೆ ಬನ್ನಿ" ಅಂತಾನೆ. ಪಕ್ಕದ ಆಫೀಸಿಗೆ ಹೋದರೆ ಅಲ್ಲೂ "ನಾಳೆ ಬನ್ನಿ". ನಾಳೆ ಬಂದರೆ ಅದೇ ಗೋಡೆ. ಈ ಆಟದಲ್ಲಿ ಗೆಲುವು ಅನ್ನೋದೇ ಇಲ್ಲ.

ಅದು ನನಗೆ ಗೊತ್ತಿರಲಿಲ್ಲ ನೋಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗುಂಡಿ ಸರಿಯಿಲ್ಲ ಅಂದೆ, ಕನ್ನಡಕ ಸರಿಯಿಲ್ಲ ಅಂದೆ. ಒಲೆ ಮೇಲಿದ್ದ ಬೇಳೆ ತಳ ಹತ್ತಿತು. ವಚನಾ ಬಂದು "ಸಾಕು ಬಿಡಮ್ಮ" ಅಂದಾಗ, "ಸುಮ್ನಿರೇ, ಹಸು ಬಾಯಾರಿಕೊಂಡು ನಿಂತಿದೆ" ಅಂತ ಅವಳ ಮೇಲೇ ರೇಗಿದೆ. ಆ ವಾಚ್‌ಮನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಚಿತ್ರ ಬರೆದು, ಮಕ್ಕಳಿಗೆ ಬರೆಯೋದು ಕಲಿಸಿ ಇಷ್ಟು ವಯಸ್ಸು ಕಳೆದಿದ್ದೀನಿ, ಒಂದು ಚಿತ್ರದ ಮುಂದೆ ನಿಂತು ನಾನು ಹೀಗೆ ಯಾರನ್ನೂ ಬೈದಿರಲಿಲ್ಲ.

ಸಭೆ ಇದ್ದದ್ದು ರಾಜಾಜಿನಗರದ ಒಂದು ಸಮುದಾಯ ಭವನದ ಮೇಲಿನ ಕೋಣೆಯಲ್ಲಿ. ಮೊದಲ ವರ್ಷ ಅಂತ ದೀಪ ಬೆಳಗೋ ಶಾಸ್ತ್ರವೂ ಇತ್ತು. ನಾನು ಹೋದಾಗ ಇಲಾಖೆಯ ವೆಂಕಟಗಿರಿ ದೀಪದ ಬತ್ತಿಗಳ ತುದಿಗೆ ಚೂರು ಚೂರು ಕರ್ಪೂರ ಅಂಟಿಸುತ್ತಾ ನಿಂತಿದ್ದ. ಸಮಿತಿಯ ಕಾಗದಪತ್ರ ನೋಡಿಕೊಳ್ಳೋನು ಅವನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ಇವನು. ಕರ್ಪೂರ ಯಾಕೆ ಅಂತ ಯಾರೂ ಕೇಳಲ್ಲ. ದೊಡ್ಡವರು ಕಡ್ಡಿ ಸೋಕಿಸಿದ ಕೂಡಲೇ ದೀಪ ಹತ್ತಿಕೊಳ್ಳಬೇಕು. ಹತ್ತಲಿಲ್ಲ ಅಂದರೆ ಅಪಶಕುನ, ಅದಕ್ಕಿಂತ ಹೆಚ್ಚಾಗಿ ದೊಡ್ಡವರಿಗೆ ಮುಜುಗರ. ನಮ್ಮಲ್ಲಿ ದೊಡ್ಡವರಿಗೆ ಮುಜುಗರ ಆಗೋ ಹಾಗಿಲ್ಲ.

ಆಟ ಮಾಡಿದ ಹುಡುಗ ಶಿವಕಿರಣ್ ಮೂಲೆಯಲ್ಲಿ ಲ್ಯಾಪ್‌ಟಾಪಿಗೆ ವಯರು ಸಿಕ್ಕಿಸುತ್ತಿದ್ದ. ಹುಡುಗ ಅಂದೆ, ಮೂವತ್ತು ದಾಟಿರಬೇಕು. ವೆಂಕಟಗಿರಿ ಅವನ ಹತ್ತಿರ ಹೋಗಿ, "ಹೇಳಿದ್ದು ಮಾಡಿದೀಯ ತಾನೇ?" ಅಂದ. ಅವನು ತಲೆ ಎತ್ತದೆ "ಮಾಡಿದೀನಿ ಸಾರ್" ಅಂದ. ನಾನು ಅದೇನೋ ಸೌಂಡಿನ ವಿಷಯ ಇರಬೇಕು ಅಂದುಕೊಂಡೆ.

ಹಿಂದಿನ ಕುರ್ಚಿಯಲ್ಲಿ ಅವನ ತಾಯಿ ಮುನಿಲಕ್ಷ್ಮಮ್ಮ ಕೂತಿದ್ದರು. ರೇಷ್ಮೆ ಸೀರೆ ಉಟ್ಟು, ಮೊಳದುದ್ದ ಮಲ್ಲಿಗೆ ಮುಡಿದು ಬಂದಿದ್ದರು. ನಾನು ಪಕ್ಕದಲ್ಲಿ ಕೂತೆ.

"ಆಟದಲ್ಲಿರೋ ಹೆಂಗಸು ನೀವೇನಾ?" ಅಂದೆ.

"ನಾನೇ ಕಣಮ್ಮ. ಕೆಂಪಿನೂ ನಮ್ದೇ. ನಂಗೆ ಈ ಆಟ ಗೀಟ ಬರಾಕಿಲ್ಲ. ಇವ್ನು ಮಾಡ್ದಾಗ ಇಂದೆ ನಿಂತ್ಕಂಡು ನೋಡೀವ್ನಿ" ಅಂದರು. ದುಡ್ಡಿಗೇನೂ ತೊಂದರೆಯಿಲ್ಲವಂತೆ. ಜಮೀನು ಲೇಔಟಿಗೆ ಹೋದಾಗ ಉಳಿದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. "ಆದ್ರೆ ನೆಂಟ್ರೆಲ್ಲಾ, ಮುನಿಲಕ್ಷ್ಮಮ್ಮನ ಮಗ ಕೆಲ್ಸ ಬಿಟ್ಟು ಮನೇಲಿ ಆಟ ಆಡ್ಕಂಡು ಕುಂತವ್ನೆ ಅಂತಾರೆ. ಸರ್ಕಾರದೋರೇ ಇದು ಕಲೆ ಅಂದ್ಬುಟ್ರೆ ಅವ್ರ ಬಾಯಿಗೆ ಬೀಗ ಬೀಳ್ತದೆ. ಇವ್ನೂ ಒಂದಿನನಾದ್ರೂ ನೆಟ್ಟಗೆ ಉಣ್ತಾನೆ." ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಅಧ್ಯಕ್ಷರು ಬಂದರು. ಭರಮಪ್ಪನವರು, ಗದಗಿನ ಕಡೆಯವರು, ಹಳೇ ನಾಟಕ ಕಂಪನಿಯ ನಟ. ಬಣ್ಣ ಹಚ್ಚಿದ ಕಾಲದಿಂದಲೂ ರಾಜನ ಪಾರ್ಟೇ ಮಾಡಿದವರು. ಮನುಷ್ಯ ಒಳ್ಳೆಯವರು, ಆದರೆ ಮೊದಲ ನಮಸ್ಕಾರ ತಮಗೇ ಬರಬೇಕು. ಮೂರನೇ ಸದಸ್ಯ ಮೋಹನ್ ಕುಮಾರ್, ಯಾವುದೋ ಇಲಾಖೆಯಿಂದ ನೇಮಕವಾಗಿ ಬಂದ ಅಧಿಕಾರಿ. ಅವರು ಫೋನಿನಿಂದ ಕಣ್ಣು ತೆಗೆದರೆ ಅದೇ ವಿಶೇಷ. ಅಧ್ಯಕ್ಷರು ಕಡ್ಡಿ ಸೋಕಿಸಿದರು, ದೀಪ ಭಗ್ ಅಂತ ಹತ್ತಿಕೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು.

"ಅಧ್ಯಕ್ಷರೇ ಉದ್ಘಾಟನೆಯ ರೂಪದಲ್ಲಿ ಆಟ ಆಡ್ತಾರೆ" ಅಂತ ವೆಂಕಟಗಿರಿ ಮೈಕಿನಲ್ಲಿ ಹೇಳಿದ. ಬಂದ ಲಿಂಕನ್ನು ಅವರು ಮನೆಯಲ್ಲಿ ಒತ್ತೇ ಇಲ್ಲ ಅಂತ ನನಗೆ ಗೊತ್ತಾಯಿತು, ಒಳಗೊಳಗೇ ನಕ್ಕೆ. ಆಡಲಿ, ಆಡಲಿ, ಗೊತ್ತಾಗುತ್ತೆ ಅಂದುಕೊಂಡೆ.

ಭರಮಪ್ಪನವರು ಶಾಲು ಸರಿಮಾಡಿಕೊಂಡು ಒಂದೇ ಬೆರಳಲ್ಲಿ ಗುಂಡಿ ಒತ್ತಿದರು. ಕೆಂಪಿ ನಡೆಯಿತು. ಸೈಟಿನ ಕಲ್ಲು ದಾಟಿತು, ಬೇಲಿ ದಾಟಿತು. ವಾಚ್‌ಮನ್ ಎದ್ದು ಸೆಲ್ಯೂಟ್ ಹೊಡೆದು ಗೇಟು ತೆಗೆದ! ಗೋಡೆ ಇದ್ದ ಕಡೆ ಗೋಡೆಯೇ ಇರಲಿಲ್ಲ. ಹಸು ಸೀದಾ ಕೆರೆಗೆ ಇಳಿದು ನೀರು ಕುಡಿಯಿತು. ಪರದೆಯ ಮೇಲಿಂದ ಹೂಮಳೆ, ನಾದಸ್ವರ, ದೊಡ್ಡ ಅಕ್ಷರದಲ್ಲಿ "ಅಭಿನಂದನೆಗಳು". ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಬತ್ತಿಯ ಕರ್ಪೂರ ಆಟಕ್ಕೂ ಅಂಟಿತ್ತು.

"ಭಾಳ ಛಲೋ ಅದ" ಅಂದರು ಭರಮಪ್ಪನವರು, ಖುಷಿಯಿಂದ. "ಸಣ್ಣ ಹುಡುಗರ ಆಟ ಅದ, ಆದ್ರ ಛಲೋ ಅದ. ಕೊಡೂಣು. ಪೆನ್ನು ಕೊಡ್ರಿ."

ವೆಂಕಟಗಿರಿ ಆಗಲೇ ಹಾಳೆ ಮುಂದಿಟ್ಟು ನಿಯಮ ಓದಿದ. ಸಮಿತಿ ನೋಡಿ ಒಪ್ಪಿದ ಆಟ ಯಾವುದೋ ಅದನ್ನೇ ಸರ್ಕಾರದ ಮುದ್ರೆ ಹಾಕಿ ಹೊರಗೆ ತರಬೇಕು, ಕೂದಲೆಳೆಯಷ್ಟೂ ಬದಲಾಗಬಾರದು. ನಾನು ಶಿವಕಿರಣ್ ಕಡೆ ನೋಡಿದೆ. ಗೆದ್ದವನ ಮುಖ ಹಾಗಿರಲ್ಲ. ಹಿಂದೆ ತಿರುಗಿದರೆ ಅವರಮ್ಮ ಪರದೆ ಬಿಟ್ಟು ಕಿಟಕಿಯ ಆಚೆ ನೋಡುತ್ತಿದ್ದರು.

ಸುಮ್ಮನಿದ್ದಿದ್ದರೆ ಎಲ್ಲಾ ಸುಸೂತ್ರ. ಹುಡುಗನಿಗೆ ಸಿಗೋದು ಸಿಗ್ತಿತ್ತು, ನಾನು ಊಟದ ಹೊತ್ತಿಗೆ ಮನೆ ಸೇರ್ತಿದ್ದೆ. ಬಾಯಿ ತೆಗೆದರೆ ಅವನ ಅವಕಾಶಕ್ಕೇ ಕಲ್ಲು ಬೀಳಬಹುದು ಅಂತ ಗೊತ್ತಿತ್ತು. ಆದರೆ ನನ್ನ ಸಿಟ್ಟು ನನ್ನ ಮಾತು ಎಂದು ಕೇಳಿದೆ?

"ಸ್ವಲ್ಪ ನಿಲ್ಲಿ. ಶಿವಕಿರಣ್, ನೀನು ನಮಗೆ ಕಳಿಸಿದ್ದು ಈ ಆಟ ಅಲ್ಲವಲ್ಲಪ್ಪ?"

ಅವನು ಕೈಲಿದ್ದ ವಯರು ಕೆಳಗಿಟ್ಟ. "ಅಲ್ಲ ಮೇಡಂ. ಅದರಲ್ಲಿ ಗೆಲ್ಲಕ್ಕಾಗಲ್ಲ."

"ಮೇಡಂ, ನಾನೇ ಹೇಳಿದ್ದು" ಅಂತ ವೆಂಕಟಗಿರಿ ಮಧ್ಯೆ ಬಂದ, ಒಂಚೂರೂ ಅಳುಕಿಲ್ಲದೆ. "ಹಿರಿಯರು, ಉದ್ಘಾಟನೆ ಬೇರೆ. ಎಲ್ಲರ ಎದುರಿಗೆ ಅಧ್ಯಕ್ಷರು ಸೋತ್ರೆ ಚೆನ್ನಾಗಿರುತ್ತಾ? ಮನೇಲಿ ತಾತನ ಜೊತೆ ಚೌಕಾಬಾರ ಆಡಿದ್ರೂ ಕೊನೇಲಿ ಬಿಟ್ಟುಕೊಡಲ್ವಾ ನಾವು?"

ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಮರ್ಯಾದೆಯೇ ಇತ್ತು. ಮೋಹನ್ ಕುಮಾರ್, "ಇದೂ ಸರಿ, ಅದೂ ಸರಿ, ನೋಡಿ ಮಾಡೋಣ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟರು.

ಭರಮಪ್ಪನವರ ಮುಖ ಕೆಂಪಾಗಿತ್ತು. "ನಾ ಏನು ತೊಟ್ಟಿಲದಾಗಿನ ಕೂಸೇನ್ರಿ? ಹಾಕೋ ತಮ್ಮಾ, ಅದನ್ನ ಹಾಕು."

ಶಿವಕಿರಣ್ ನಿಜವಾದ ಆಟ ಹಾಕಿದ.

ಅಧ್ಯಕ್ಷರು ಮೊದಲ ಸಂಜೆಗಳನ್ನು ದರ್ಬಾರಿನಲ್ಲಿ ನಡೆದಂತೆ ನಡೆದರು. ಗೇಟಿನ ಹತ್ತಿರ ವಾಚ್‌ಮನ್ "ನಾಳೆ ಬನ್ನಿ" ಅಂದ. "ನಾಳೆ ಯಾಕ? ಇವತ್ತ ಬಂದೇನಿ" ಅಂದರು ಪರದೆಗೆ. ಗೋಡೆ ಬಂತು. ಎಡಕ್ಕೆ ಹೋದರು, ಗಾಜಿನ ಚೂರು. ಬಲಕ್ಕೆ ಹೋದರು, ನಾಯಿ. ಆಫೀಸಿಗೆ ಹೋದರು. ಮತ್ತೆ ಗೋಡೆ, ಮತ್ತೆ ಆ ಕಡೆಯಿಂದ ಕಪ್ಪೆಯ ಕೂಗು. ಕಾಫಿ ಬಂತು, ಕೆನೆ ಕಟ್ಟಿತು. ಮೋಹನ್ ಕುಮಾರ್ "ಸಾರ್, ಊಟ..." ಅಂದರೆ "ಸುಮ್ನ ಕುಂದರ್ರಿ!" ಅಂತ ಗದರಿದರು. ಹೆಗಲಿನ ಶಾಲು ಜಾರಿ ನೆಲಕ್ಕೆ ಬಿತ್ತು, ಅವರಿಗೆ ಅದರ ಪರಿವೆಯೇ ಇಲ್ಲ. "ನಡೀಯವ್ವಾ, ಇನ್ನೊಂದೀಟು ನಡಿ" ಅಂತ ಕೆಂಪಿಗೆ ಮೆಲ್ಲಗೆ ಹೇಳುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಕೊನೆಗೆ ಕೆಂಪಿ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟಿತು. ಭರಮಪ್ಪನವರು ಕುರ್ಚಿ ಹಿಂದಕ್ಕೆ ನೂಕಿ ಎದ್ದರು. "ಯಾವನಲೇ ಈ ಗ್ವಾಡಿ ಕಟ್ಟಿದಾಂವಾ!" ಅಂತ ಒಂದು ಕೂಗು ಕೂಗಿದರು ನೋಡಿ, ಕೆಳಗಿನ ಹಾಲ್‌ನಲ್ಲಿ ಯಾರದೋ ನಾಮಕರಣ ನಡೀತಿತ್ತು, ಅವರೆಲ್ಲಾ ಮೆಟ್ಟಿಲ ಹತ್ತಿರ ಬಂದು ಇಣುಕಿದರು. ಭರಮಪ್ಪನವರ ಕಣ್ಣಲ್ಲಿ ನೀರಿತ್ತು. ನಟನೆ ಅಲ್ಲ ಅದು. ನಟನೆ ಎಷ್ಟು ನೋಡಿಲ್ಲ ನಾನು?

"ವೆಂಕಟಗಿರಿ, ಬರಕೋರಿ" ಅಂದರು ಉಸಿರು ತೆಗೆದುಕೊಂಡು. "ಇದು ಖರೇನ ಕಲಾ. ನಾ ಒಪ್ಪತೇನಿ. ಆದ್ರ ಒಂದು ಷರತ್ತು. ಈ ಗ್ವಾಡಿ ತಗೀಬೇಕು. ಆಕಳ ಕೆರಿಗೆ ಮುಟ್ಟಬೇಕು. ಸರ್ಕಾರದ ರೊಕ್ಕದಾಗ ಮೂಕ ಪ್ರಾಣಿ ನೀರಡಿಸಿ ನಿಂದರೂದು ಬ್ಯಾಡ."

ವೆಂಕಟಗಿರಿಗೆ ಹೋದ ಜೀವ ಬಂತು, ಬರಬರನೆ ಬರೆದುಕೊಂಡ. ಮೋಹನ್ ಕುಮಾರ್ "ಒಳ್ಳೇ ಸಂದೇಶ ಸಾರ್" ಅಂದರು. ನಿಜ ಹೇಳ್ತೀನಿ, ಒಂದು ಗಳಿಗೆ ನನಗೂ ಹಾಗೇ ಅನಿಸಿತು. ಕುಡೀಲಿ ಬಿಡಿ ಪಾಪ, ನಮ್ಮ ಗಂಟೇನು ಹೋಗುತ್ತೆ?

"ಸಾರ್, ಗೋಡೆ ತೆಗೆದ್ರೆ..." ಅಂದ ಶಿವಕಿರಣ್. ಬೇಡ ಅಂದರೆ ಎಲ್ಲಾ ಹೋಯಿತು, ಹೂಂ ಅಂದರೂ ಎಲ್ಲಾ ಹೋಯಿತು. ಅವನು ತಿರುಗಿ ತಾಯಿಯ ಮುಖ ನೋಡಿದ.

ಮುನಿಲಕ್ಷ್ಮಮ್ಮ ಸೆರಗು ಹೊದ್ದು ಎದ್ದು ನಿಂತರು.

"ಸ್ವಾಮೀ, ನೀವು ದೊಡ್ಡೋರು, ತಪ್ಪು ತಿಳೀಬ್ಯಾಡಿ. ಆವತ್ತು ನಾನೂ ಇಂಗೇ ಗೇಟಿಗೂ ಆಪೀಸ್ಗೂ ತಿರುಗ್ದೆ. ಗೋಡೆ ತೆಗೀರಿ ಅಂತ ನಿಮ್ಮಂಗೆ ಒಬ್ರು, ಒಬ್ಬೇ ಒಬ್ರು ಅಂದಿದ್ರೆ ಸಾಕಾಗಿತ್ತು. ಯಾರೂ ಅನ್ನಲಿಲ್ಲ. ಕೆಂಪಿನ ಸಂತೇಲಿ ಮಾರ್ಕಂಡ್ವಿ, ತಿರುಗ್ ತಿರುಗಿ ನೋಡ್ಕಂಡು ಹೋಯ್ತು. ಈಗ ಗೋಡೆ ತೆಗ್ದು ಯಾರಿಗೆ ನೀರು ಕುಡಿಸ್ತೀರಾ? ಅದು ಅಂಗೇ ಇರ್ಲಿ ಬುಡಿ."

ಅಷ್ಟು ಹೇಳಿ ಕೂತುಬಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಮೋಹನ್ ಕುಮಾರ್ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಭರಮಪ್ಪನವರು ಪರದೆಯ ಕಡೆ ತಿರುಗಿದರು. ಅಲ್ಲಿ ಹಸು ಇನ್ನೂ ನಿಂತೇ ಇತ್ತು.

"ಷರತ್ತು ಹೊಡದು ಹಾಕ್ರಿ" ಅಂದರು.

"ಸಾರ್, ಹಾಗಾಗಲ್ಲ" ಅಂದ ವೆಂಕಟಗಿರಿ. "ಇದನ್ನ ಕಲೆ ಅಂತ ಯಾವ ಆಧಾರದ ಮೇಲೆ ಒಪ್ಪಿಕೊಂಡ್ರಿ ಅಂತ ನಾಳೆ ಆಡಿಟ್‌ನೋರು ಕೇಳ್ತಾರೆ. ಸಂದೇಶ ಇಲ್ಲ, ಸುಖಾಂತ ಇಲ್ಲ. ಕಾರಣ ಅಂತ ಏನು ಬರೀಲಿ?"

"ಅಧ್ಯಕ್ಷರು ಸೋತರು ಅಂತ ಬರೀರಿ."

"ಸಾರ್!"

"ಬರೀರಿ. ಸೋತರು, ಮತ್ತ ಆಡಿದರು, ಮತ್ತ ಸೋತರು."

ವೆಂಕಟಗಿರಿ ಪೆನ್ನು ಹಿಡಿದುಕೊಂಡು ದಿಕ್ಕು ತೋಚದೆ ನನ್ನ ಮುಖ ನೋಡಿದ.

"ಬರ್ಕೊಳ್ಳಪ್ಪ, ಅವರು ಹೇಳಿದ ಹಾಗೇ" ಅಂದೆ.